ಗುಳಿಗೆ ಶುರು ಮಾಡಿ ನಾಲ್ಕು ತಿಂಗಳು: ಕೂದಲು ಕಸಿ ಈಗಲೇ ಮಾಡಿಸಲೇ?

ಪ್ರಶ್ನೆ: ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನನಗೆ 26 ವರ್ಷ. ಸೇಡಂ ಕಡೆಯವನು, ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ. ಎರಡು ವರ್ಷದಿಂದ ಹಣೆಯ ಎರಡೂ ಮೂಲೆ ಒಳಗೆ ಸರಿಯುತ್ತಿವೆ, ಈಗ ನೆತ್ತಿಯ ಸುಳಿ ಸುತ್ತಲೂ ತೆಳ್ಳಗಾಗಿದೆ. ಅಪ್ಪನಿಗೆ ಪೂರ್ತಿ ಬೋಳು, ಮಾಮಾನಿಗೂ ಅರ್ಧ ಹೋಗಿದೆ. ಕಲಬುರಗಿಯಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಫಿನಾಸ್ಟರೈಡ್ 1 ಮಿ.ಗ್ರಾಂ ಗುಳಿಗೆ ದಿನಕ್ಕೊಂದು, ಮಿನಾಕ್ಸಿಡಿಲ್ 5% ಲೋಷನ್ ದಿನಕ್ಕೆರಡು ಸಲ ಅಂತ ಬರೆದುಕೊಟ್ಟರು. ಶುರು ಮಾಡಿ ನಾಲ್ಕು ತಿಂಗಳಾಯಿತು. ಮೊದಲ ಎರಡು ತಿಂಗಳು ಮುಂಚೆಗಿಂತ ಜಾಸ್ತಿ ಉದುರಿತು. ಈಗ ಕಡಿಮೆಯಾಗಿದೆ, ಆದರೆ ಹೊಸದಾಗಿ ಬಂದದ್ದೇನೂ ಕಾಣುತ್ತಿಲ್ಲ. ವೈಶಾಖದಲ್ಲಿ ಮದುವೆ, ಇನ್ನು ಆರು ತಿಂಗಳಿದೆ. ಹೈದರಾಬಾದಿನ ಒಂದು ಕ್ಲಿನಿಕ್‌ನವರು ಒಂದೇ ದಿನದಲ್ಲಿ 3500 ಗ್ರಾಫ್ಟ್ (ಬುಡಸಮೇತ ತೆಗೆದು ನೆಡುವ ಕೂದಲಿನ ಸಣ್ಣ ಸಣ್ಣ ತುಣುಕು) ಕೂಡಿಸಿಕೊಡುತ್ತೇವೆ, ಈ ತಿಂಗಳೊಳಗೆ ಮುಂಗಡ ಕಟ್ಟಿದರೆ ದೀಪಾವಳಿ ರಿಯಾಯಿತಿ ಇದೆ, ಕಸಿ ಆದಮೇಲೆ ಗುಳಿಗೆಯ ಗೊಡವೆಯೇ ಬೇಡ ಅನ್ನುತ್ತಿದ್ದಾರೆ. ಈಗಲೇ ಮಾಡಿಸಲೇ, ಕಾಯಲೇ? ಕಾಯುವುದಾದರೆ ಎಷ್ಟು ದಿನ? ನಮ್ಮೂರ ಬೋರ್‌ವೆಲ್ ನೀರು, ಫ್ಯಾಕ್ಟರಿಯ ಹೆಲ್ಮೆಟ್, ಇವುಗಳಿಂದ ಹೀಗಾಗಿದೆಯೇ?

ಉತ್ತರ: ಮೊದಲು ತೀರ್ಮಾನ ಹೇಳಿಬಿಡುತ್ತೇನೆ, ಕಾರಣಗಳನ್ನು ಆಮೇಲೆ ನಿಧಾನವಾಗಿ ಓದಿ. ಈ ತಿಂಗಳು ಮುಂಗಡ ಕಟ್ಟಬೇಡಿ. ಗುಳಿಗೆ, ಲೋಷನ್ ಎರಡನ್ನೂ ತಪ್ಪಿಸದೆ ಮುಂದುವರಿಸಿ. ಕಸಿ ಬೇಕೋ ಬೇಡವೋ, ಬೇಕಾದರೆ ಎಲ್ಲಿ, ಎಷ್ಟು ಎಂಬುದನ್ನು ಔಷಧಿಗೆ ಹನ್ನೆರಡು ತಿಂಗಳು ತುಂಬಿದ ಮೇಲೆ ನೋಡೋಣ. ಮದುವೆಯ ಚಿಂತೆ ನನಗೆ ಅರ್ಥವಾಗುತ್ತದೆ. ಅದಕ್ಕೂ ದಾರಿ ಇದೆ, ಕೆಳಗೆ ಬರೆದಿದ್ದೇನೆ.

ಮೊದಲ ಎರಡು ತಿಂಗಳು ಜಾಸ್ತಿ ಉದುರಿದ್ದರಿಂದ ನೀವು ಹೆದರಿದ್ದೀರಿ ಅನ್ನಿಸುತ್ತದೆ. ಈ ಹೆದರಿಕೆಗೇ ಎಷ್ಟೋ ಹುಡುಗರು ಆರನೇ ವಾರಕ್ಕೆ ಔಷಧಿ ಬಿಟ್ಟುಬಿಡುತ್ತಾರೆ. ನೀವು ಬಿಡದೆ ಬಂದದ್ದು ಒಳ್ಳೆಯದಾಯಿತು. ತಲೆಯ ಪ್ರತಿಯೊಂದು ಕೂದಲಿಗೂ ಅದರದೇ ಕಾಲಚಕ್ರವಿದೆ: ಎರಡರಿಂದ ಆರು ವರ್ಷ ಬೆಳೆಯುತ್ತದೆ, ಎರಡು ಮೂರು ವಾರದಲ್ಲಿ ಬೆಳವಣಿಗೆ ನಿಲ್ಲಿಸುತ್ತದೆ, ಆಮೇಲೆ ಸುಮಾರು ಮೂರು ತಿಂಗಳು ಸುಮ್ಮನೆ ಬುಡದಲ್ಲಿ ಕೂತಿದ್ದು ಉದುರುತ್ತದೆ. ಮಿನಾಕ್ಸಿಡಿಲ್ ಹಚ್ಚಿದಾಗ ಹೀಗೆ ಸುಮ್ಮನೆ ಕೂತ ಬುಡಗಳು ಬೇಗ ಎಚ್ಚರಗೊಂಡು ಹೊಸ ಕೂದಲನ್ನು ಕೆಳಗಿನಿಂದ ದೂಡುತ್ತವೆ. ಮೇಲಿದ್ದ ಹಳೆಯ ಕೂದಲು ಜಾಗ ಬಿಡುತ್ತದೆ. ಹೊಸದು ಚಿಗುರುವ ಮುಂಚೆ ಬೇವಿನ ಮರ ಹಳೆ ಎಲೆ ಉದುರಿಸುವುದನ್ನು ನೋಡಿದ್ದೀರಲ್ಲ, ಹಾಗೆ. ಎರಡರಿಂದ ಎಂಟನೇ ವಾರದೊಳಗೆ ಇದು ಕಾಣಿಸಿಕೊಂಡು ತಾನಾಗಿ ಇಳಿಯುತ್ತದೆ. ನಿಮಗೂ ಹಾಗೆಯೇ ಆಗಿದೆ, ಅಂದರೆ ಔಷಧಿ ಬುಡಕ್ಕೆ ತಲುಪಿದೆ.

ನಾಲ್ಕು ತಿಂಗಳಾದರೂ ಏನೂ ಕಾಣುತ್ತಿಲ್ಲವಲ್ಲ ಅಂದಿರಿ. ಕಾಣುವ ಕಾಲ ಇನ್ನೂ ಬಂದಿಲ್ಲ. ಗಂಡಸರ ಬೋಳುತಲೆಯಲ್ಲಿ ಕೂದಲು ಏಕಾಏಕಿ ಸಾಯುವುದಿಲ್ಲ. ಟೆಸ್ಟೊಸ್ಟೆರಾನ್‌ನಿಂದ ತಯಾರಾಗುವ ಡಿಎಚ್‌ಟಿ ಎಂಬ ಹಾರ್ಮೋನಿಗೆ ಹಣೆ ಮತ್ತು ನೆತ್ತಿಯ ಬುಡಗಳು ಸೂಕ್ಷ್ಮವಾಗಿರುತ್ತವೆ. ಪ್ರತಿ ಸುತ್ತಿನಲ್ಲೂ ಕೂದಲು ಮೊದಲಿಗಿಂತ ತೆಳ್ಳಗೆ, ಗಿಡ್ಡಗೆ ಹುಟ್ಟುತ್ತ, ಕೊನೆಗೆ ಕಂಡೂ ಕಾಣದ ರೋಮವಾಗುತ್ತದೆ. ಫಿನಾಸ್ಟರೈಡ್ ರಕ್ತದಲ್ಲಿನ ಡಿಎಚ್‌ಟಿಯನ್ನು ಸುಮಾರು 70 ಪ್ರತಿಶತ ಇಳಿಸುತ್ತದೆ. ಆಗ ಇನ್ನೂ ಜೀವವಿರುವ ಬುಡಗಳು ಒಂದೊಂದಾಗಿ ಚೇತರಿಸಿಕೊಂಡು ಮುಂದಿನ ಸುತ್ತಿನಲ್ಲಿ ದಪ್ಪ ಕೂದಲು ಹುಟ್ಟಿಸಬೇಕು. ಹುಟ್ಟಿದ ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಮೂರನೇ ತಿಂಗಳಲ್ಲಿ ಎಚ್ಚೆತ್ತ ಬುಡದ ಕೂದಲು ಕನ್ನಡಿಯಲ್ಲಿ ಕಾಣಲು ಏಳೆಂಟನೇ ತಿಂಗಳಾದರೂ ಬರಬೇಕು. ಐದನೇ ತಿಂಗಳಲ್ಲಿ ಎಚ್ಚೆತ್ತದ್ದಕ್ಕೆ ಇನ್ನೂ ತಡ. ಹನ್ನೆರಡು ತಿಂಗಳು ಅನ್ನುವ ಲೆಕ್ಕ ಬಂದದ್ದು ಹೀಗೆ. ನೆತ್ತಿಯಲ್ಲಂತೂ ಎರಡನೇ ವರ್ಷದಲ್ಲೂ ಸುಧಾರಣೆ ಮುಂದುವರಿಯುವುದುಂಟು.

ಈ ಔಷಧಿಗೆ 1997ರಲ್ಲಿ ಅಮೆರಿಕದಲ್ಲಿ ಕೂದಲಿನ ಚಿಕಿತ್ಸೆಗೆಂದು ಒಪ್ಪಿಗೆ ಸಿಕ್ಕಿತು. ಅದಕ್ಕೆ ಆಧಾರವಾದ ಪರೀಕ್ಷೆಗಳಲ್ಲಿ, ಎರಡು ವರ್ಷ ಗುಳಿಗೆ ತೆಗೆದುಕೊಂಡವರಲ್ಲಿ 83 ಪ್ರತಿಶತ ಜನರ ನೆತ್ತಿಯ ಕೂದಲಿನ ಎಣಿಕೆ ಇದ್ದಷ್ಟೇ ಉಳಿಯಿತು ಅಥವಾ ಹೆಚ್ಚಾಯಿತು. ಔಷಧಿಯಿಲ್ಲದ ಖಾಲಿ ಗುಳಿಗೆ ತೆಗೆದುಕೊಂಡವರಲ್ಲಿ ಹಾಗೆ ಆದದ್ದು 28 ಪ್ರತಿಶತ ಜನರಿಗೆ ಮಾತ್ರ. ಅಂದರೆ ನಿಮ್ಮ ಸುಳಿಯ ಸುತ್ತಲಿನ ಕೂದಲು ಉಳಿಯುವ ಸಾಧ್ಯತೆಯೇ ಹೆಚ್ಚು. ಹಣೆಯ ಮೂಲೆಗಳು ಅಷ್ಟು ಸುಲಭಕ್ಕೆ ಒಗ್ಗುವುದಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ. ಮೂಲೆಯಲ್ಲಿ ಚರ್ಮ ಪೂರ್ತಿ ನುಣ್ಣಗಾಗಿದ್ದರೆ ಅಲ್ಲಿಗೆ ಮುಂದೊಂದು ದಿನ ಕಸಿಯೇ ಬೇಕಾಗಬಹುದು.

ಹಾಗಾದರೆ ಮೂಲೆಗಾದರೂ ಈಗಲೇ ಮಾಡಿಸಿದರೇನು ಎಂದು ಕೇಳುತ್ತೀರಿ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಈ ಒಂದು ವಿಷಯ ತಿಳಿಯದೆ ತಲೆ ಕೆಡಿಸಿಕೊಂಡವರನ್ನು ನಾನು ಬಹಳ ನೋಡಿದ್ದೇನೆ.

ಕಸಿ ಅಂದರೆ ಹೊಸ ಕೂದಲು ಸೃಷ್ಟಿಸುವುದಲ್ಲ. ತಲೆಯ ಹಿಂಭಾಗದಿಂದ, ಕಿವಿಯ ಮೇಲಿನ ಪಟ್ಟಿಯಿಂದ ಬುಡಸಮೇತ ಕಿತ್ತು ಮುಂದೆ ನೆಡುವುದು. ಆ ಜಾಗದ ಬುಡಗಳಿಗೆ ಡಿಎಚ್‌ಟಿ ಅಷ್ಟಾಗಿ ತಾಗುವುದಿಲ್ಲ, ಎಲ್ಲಿ ನೆಟ್ಟರೂ ಅವು ಹುಟ್ಟಿದ ಜಾಗದ ಗುಣವನ್ನೇ ಉಳಿಸಿಕೊಳ್ಳುತ್ತವೆ. ನ್ಯೂಯಾರ್ಕಿನ ಡಾಕ್ಟರ್ ನಾರ್ಮನ್ ಒರೆಂಟ್ರೈಕ್ 1959ರಲ್ಲಿ ಇದನ್ನು ಬರೆದು ತೋರಿಸಿದರು. ಇಂದಿನ ಕಸಿಯೆಲ್ಲ ನಿಂತಿರುವುದು ಅದರ ಮೇಲೆಯೇ. ಆದರೆ ಕಿತ್ತ ಜಾಗದಲ್ಲಿ ಮತ್ತೆ ಕೂದಲು ಹುಟ್ಟುವುದಿಲ್ಲ. ಹಿಂಭಾಗ ಬೋಳಾಗಿ ಕಾಣದಂತೆ ತೆಗೆಯಬಹುದಾದದ್ದು ಸಾಮಾನ್ಯವಾಗಿ ಇಡೀ ಜೀವಮಾನಕ್ಕೆ ಐದಾರು ಸಾವಿರ ಗ್ರಾಫ್ಟ್. ಕೂದಲು ತೆಳ್ಳಗಿದ್ದವರಿಗೆ ಅದಕ್ಕೂ ಕಡಿಮೆ. ನಿಮ್ಮ ಹಿಂದಲೆ ಕಟ್ಟಿಕೊಂಡು ಬಂದ ಬುತ್ತಿ ಇದ್ದಂತೆ. ಮುಂದೆ ದಾರಿ ಎಷ್ಟಿದೆ ಎಂದು ತಿಳಿಯುವ ಮುಂಚೆ ಗಂಟು ಬಿಚ್ಚಿ ಅರ್ಧಕ್ಕಿಂತ ಹೆಚ್ಚು ತಿಂದುಬಿಟ್ಟರೆ, ಮಧ್ಯದಾರಿಯಲ್ಲಿ ಹಸಿವಾದಾಗ ಗಂಟಿನಲ್ಲಿ ಏನೂ ಇರುವುದಿಲ್ಲ.

ನಿಮಗಿನ್ನೂ 26. ಅಪ್ಪನಿಗೆ ಪೂರ್ತಿ ಬೋಳು, ಮಾಮಾನಿಗೆ ಅರ್ಧ. ನಿಮ್ಮ ಬೋಳು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಇವತ್ತು ಯಾರೂ ಹೇಳಲಾರರು. ಹೇಳಬಲ್ಲದ್ದು ಔಷಧಿ ಒಂದೇ, ಅದೂ ಒಂದು ವರ್ಷ ಕಳೆದ ಮೇಲೆ: ಇಗೋ ಈ ಕೂದಲು ಉಳಿಯುತ್ತದೆ, ಈ ಜಾಗ ಮತ್ತೆ ತುಂಬಿಕೊಂಡಿತು, ಇಷ್ಟು ಜಾಗಕ್ಕೆ ಮಾತ್ರ ನನ್ನ ಕೈಲಾಗಲಿಲ್ಲ ಎಂದು. ಆ ಕೊನೆಯ ಜಾಗಕ್ಕೆ ಕಸಿ.

ಎರಡು ವರ್ಷದ ಹಿಂದೆ ಒಬ್ಬರು ಬಂದಿದ್ದರು, 34 ವರ್ಷ. ಕೂತಾದ ಮೇಲೂ ಕ್ಯಾಪ್ ತೆಗೆಯಲಿಲ್ಲ. ಬಾಗಿಲು ಹಾಕಿ ಎಂದು ಹೇಳಿ, ಹಾಕಿದ ಮೇಲೆ ತೆಗೆದರು. ಹಣೆಯ ಮೇಲೆ ಎರಡು ಬೆರಳಗಲದ ದಟ್ಟ ಕೂದಲಿನ ಪಟ್ಟಿ, ಕೆಳಗಿನ ಅಂಚು ಅಳತೆಪಟ್ಟಿ ಇಟ್ಟು ಗೀರಿದಷ್ಟು ನೇರ. ಅದರ ಹಿಂದೆ ಅಂಗೈಯಗಲ ಬಯಲು. ಆ ಬಯಲು ದಾಟಿದ ಮೇಲೆ ಹಿಂದಲೆಯ ಕೂದಲು ಶುರು. ಅವರಿಗೆ 23ನೇ ವಯಸ್ಸಿನಲ್ಲಿ ಬೇರೆ ಊರಿನಲ್ಲಿ ಕಸಿ ಮಾಡಿದ್ದರು, ಗುಳಿಗೆ ಬೇಕಿಲ್ಲ ಎಂದಿದ್ದರು. ನೆಟ್ಟದ್ದು ನಿಂತಿತು, ಅದರ ಹಿಂದೆ ಇದ್ದ ಅವರದೇ ಕೂದಲು ವರ್ಷವರ್ಷಕ್ಕೂ ಹೋಯಿತು. ಡರ್ಮೋಸ್ಕೋಪ್, ಅಂದರೆ ದೀಪವಿರುವ ಭೂತಗನ್ನಡಿ, ಹಿಂದಲೆಗೆ ಇಟ್ಟು ನೋಡಿದೆ. ಉಪ್ಪಿನ ಹರಳು ಚೆಲ್ಲಿದಂತೆ ಬಿಳಿ ಚುಕ್ಕೆಗಳು ಒತ್ತೊತ್ತಾಗಿ ಬಿದ್ದಿದ್ದವು, ನಡುವೆ ಅಲ್ಲೊಂದು ಇಲ್ಲೊಂದು ಕೂದಲು. ಇನ್ನು ತೆಗೆಯಲು ಅಲ್ಲಿ ಏನೂ ಉಳಿದಿರಲಿಲ್ಲ. ಅವರ ಕೈಯನ್ನು ಹಿಡಿದು ಹಾಗೆಂದು ಹೇಳಬೇಕಾಯಿತು. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ನೆನಪಾದದ್ದು ಅವರ ಮುಖ.

ಈಗ ಆ 3500ರ ಲೆಕ್ಕ ನೋಡಿ. ನಿಮ್ಮ ಒಂದೊಂದು ಮೂಲೆ ಹೆಚ್ಚೆಂದರೆ 15 ಚದರ ಸೆಂಟಿಮೀಟರ್ ಇದೆ ಎಂದಿಟ್ಟುಕೊಳ್ಳಿ, ಎರಡೂ ಸೇರಿ 30. ಚದರ ಸೆಂಟಿಮೀಟರಿಗೆ 40 ಗ್ರಾಫ್ಟ್ ಕೂಡಿಸಿದರೆ ಕಣ್ಣಿಗೆ ತುಂಬಿದಂತೆ ಕಾಣುತ್ತದೆ. ಒಟ್ಟು 1200. ಉಳಿದ 2300 ಎಲ್ಲಿಗೆ? ನೆತ್ತಿಗೆ ಎನ್ನುತ್ತಾರೆ. ಔಷಧಿಯಿಂದಲೇ ತುಂಬಿಕೊಳ್ಳುವ ಸಾಧ್ಯತೆ ಹೆಚ್ಚಿರುವ ಜಾಗಕ್ಕೆ, ನಿಮ್ಮ ಜೀವಮಾನದ ಬುತ್ತಿಯ ಅರ್ಧಕ್ಕೆ ಹತ್ತಿರದಷ್ಟು! ಸುಳಿಯ ಸುತ್ತ ಈಗ ಇರುವ ಕೂದಲಿನ ನಡುನಡುವೆ ಸೂಜಿಯಿಂದ ತೂತು ಮಾಡಿ ನೆಟ್ಟಾಗ ಪಕ್ಕದ ದುರ್ಬಲ ಕೂದಲಿಗೆ ಆಘಾತವಾಗಿ ಅವೂ ಉದುರುತ್ತವೆ. ಗಟ್ಟಿಯಾಗಿದ್ದವು ಮೂರ್ನಾಲ್ಕು ತಿಂಗಳಲ್ಲಿ ಮರಳುತ್ತವೆ, ಮೊದಲೇ ಸೊರಗಿದ್ದವು ಮರಳದೆಯೂ ಹೋಗಬಹುದು. ಔಷಧಿ ಒಂದು ವರ್ಷ ನಡೆದಿದ್ದರೆ ಈ ಅಪಾಯ ಕಡಿಮೆ, ಏಕೆಂದರೆ ಅಷ್ಟರಲ್ಲಿ ಆ ಬುಡಗಳು ಬಲಗೊಂಡಿರುತ್ತವೆ.

ಇದಕ್ಕೆ ಎದುರಾದ ಉದಾಹರಣೆಯೂ ನನ್ನಲ್ಲಿದೆ. ಆಳಂದ ಕಡೆಯ ಒಬ್ಬ ಮಾಸ್ತರು, 41 ವರ್ಷ, ಕಸಿ ಮಾಡಿಸಲೇಬೇಕೆಂದು ಬಂದವರು. ಒಂದು ವರ್ಷ ಕಾಯಿರಿ ಎಂದಾಗ ಅವರಿಗೆ ಬೇಸರವಾಯಿತು, ಆದರೆ ಕಾದರು. ಹದಿನಾಲ್ಕನೇ ತಿಂಗಳಿಗೆ ನೆತ್ತಿಯ ಹಳೆಯ ಫೋಟೋ, ಹೊಸ ಫೋಟೋ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ನೆತ್ತಿಗೆ ಕಸಿಯ ಅಗತ್ಯವೇ ಇರಲಿಲ್ಲ. ಮುಂದಿನ ಭಾಗಕ್ಕೆ ಮಾತ್ರ ಮಾಡಿಸಿಕೊಂಡರು. ಹಿಂದಲೆಯಲ್ಲಿ ಇನ್ನೂ ಸಾಕಷ್ಟು ಉಳಿದಿದೆ, ಐವತ್ತೈದಕ್ಕೆ ಬೇಕೆನಿಸಿದರೆ ಬಳಸಿಕೊಳ್ಳಬಹುದು.

ಮದುವೆಯ ಮಾತಿಗೆ ಬರೋಣ. ಇವತ್ತೇ ಕಸಿ ಮಾಡಿಸಿದರೂ ಏನಾಗುತ್ತದೆ ಎಂದು ತಿಂಗಳು ತಿಂಗಳಾಗಿ ಹೇಳುತ್ತೇನೆ. ಮೊದಲ ಹತ್ತು ದಿನ ತಲೆತುಂಬ ಸಣ್ಣ ಸಣ್ಣ ಹೆಕ್ಕಳೆ. ಎರಡರಿಂದ ಆರನೇ ವಾರದೊಳಗೆ ನೆಟ್ಟ ಕೂದಲಲ್ಲಿ ಬಹುಪಾಲು ಉದುರುತ್ತವೆ, ಬುಡ ಮಾತ್ರ ಒಳಗೆ ಉಳಿಯುತ್ತದೆ. ಎರಡನೇ ಮೂರನೇ ತಿಂಗಳಲ್ಲಿ ತಲೆ ಕಸಿಗೆ ಮುಂಚೆ ಇದ್ದದ್ದಕ್ಕಿಂತ ಖಾಲಿ ಕಾಣುತ್ತದೆ. ಮೂರ್ನಾಲ್ಕನೇ ತಿಂಗಳಿಗೆ ಎಳೆಗೂದಲು ಹೊರಬರಲು ಶುರು. ಆರನೇ ತಿಂಗಳು, ಅಂದರೆ ನಿಮ್ಮ ಮದುವೆಯ ಹೊತ್ತಿಗೆ, ಸುಮಾರು ಅರ್ಧದಷ್ಟು ಬಂದಿರಬಹುದು, ಅದೂ ತೆಳ್ಳಗೆ, ಗುಂಗುರು ಗುಂಗುರಾಗಿ. ಪೂರ್ತಿ ಫಲ ಕಾಣಲು ಒಂದು ವರ್ಷ ಬೇಕು, ನೆತ್ತಿಗಾದರೆ ಒಂದೂವರೆ ವರ್ಷ. ಹೀಗಿರುವಾಗ ಮದುವೆಗೆಂದು ಮಾಡಿಸಿದ ಕಸಿ ಮದುವೆಯ ದಿನ ಅರ್ಧ ದಾರಿಯಲ್ಲಿರುತ್ತದೆ. ಇನ್ನೂ ಕೆಲವರು ಮದುವೆಗೆ ಒಂದೇ ತಿಂಗಳಿರುವಾಗ ಓಡಿ ಹೋಗಿ ಮಾಡಿಸುತ್ತಾರೆ. ಕೆಂಪು ಹಣೆಯ ಮೇಲೆ ಬಾಸಿಂಗ ಕಟ್ಟಿಸಿಕೊಂಡು, ಅಕ್ಷತೆ ಬೀಳುವಾಗ ತಲೆ ತಗ್ಗಿಸಿ ಕೂತ ವರನನ್ನು ನಾನೇ ನೋಡಿದ್ದೇನೆ. ಬಹಳ ಸಂಕಟವಾಯಿತು.

ಔಷಧಿಯನ್ನೇ ಮುಂದುವರಿಸಿದರೆ ವೈಶಾಖಕ್ಕೆ ಹತ್ತು ತಿಂಗಳಾಗುತ್ತದೆ. ಫಲ ಕಾಣುವ ಕಾಲವೇ ಅದು. ಮದುವೆಗೆ ಒಂದು ತಿಂಗಳಿರುವಾಗ ಕಟಿಂಗ್ ಅಂಗಡಿಯವರಿಗೆ ಹೇಳಿ ಪಕ್ಕದ ಕೂದಲನ್ನು ಗಿಡ್ಡ ಮಾಡಿಸಿ, ಮೇಲಿನದನ್ನು ಸ್ವಲ್ಪ ಉದ್ದ ಬಿಡಿ. ಪಕ್ಕ ದಟ್ಟವಾಗಿದ್ದಷ್ಟೂ ಮೇಲೆ ತೆಳ್ಳಗಿರುವುದು ಎದ್ದು ಕಾಣುತ್ತದೆ. ಸುಳಿಯ ಸುತ್ತ ಉದುರಿಸಿಕೊಳ್ಳುವ ಹೇರ್ ಫೈಬರ್ ಪುಡಿ ಸಿಗುತ್ತದೆ, ಕೂದಲಿನ ಬಣ್ಣದ್ದೇ ಸಣ್ಣ ಎಳೆಗಳು. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ತಲೆ ತೊಳೆದರೆ ಹೋಗುತ್ತದೆ, ಬುಡಕ್ಕೆ ಹಾನಿಯಿಲ್ಲ. ಅರಿಷಿಣ ಹಚ್ಚಿ ನೀರು ಹಾಕುವ ಶಾಸ್ತ್ರವೆಲ್ಲ ಮುಗಿದ ಮೇಲೆ, ಕೂದಲು ಪೂರ್ತಿ ಒಣಗಿಸಿ ಹಾಕಿಕೊಳ್ಳಿ. ಒಂದು ಸಲ ಮುಂಚೆ ಮನೆಯಲ್ಲಿ ಅಭ್ಯಾಸ ಮಾಡಿ ನೋಡಿ. ಮದುವೆಯಾಗುವ ಹುಡುಗಿಗೆ ಈ ಚಿಕಿತ್ಸೆಯ ವಿಷಯ ಈಗಲೇ ಹೇಳಿಬಿಡಿ. ಗುಳಿಗೆ ವರ್ಷಗಟ್ಟಲೆ ತೆಗೆದುಕೊಳ್ಳುವಂಥದ್ದು, ಬಚ್ಚಿಟ್ಟು ನುಂಗುತ್ತ ಸಂಸಾರ ಮಾಡುವುದು ಕಷ್ಟ.

ಅವಳಿಗೆ ತಿಳಿದಿರಬೇಕಾದ ಇನ್ನೊಂದು ಕಾರಣವೂ ಇದೆ. ಫಿನಾಸ್ಟರೈಡ್ ಗುಳಿಗೆ ಒಡೆದದ್ದು, ಪುಡಿಯಾದದ್ದು ಇದ್ದರೆ ಗರ್ಭಿಣಿ ಅಥವಾ ಗರ್ಭಿಣಿಯಾಗಬಹುದಾದ ಹೆಂಗಸು ಅದನ್ನು ಕೈಯಿಂದ ಮುಟ್ಟಬಾರದು. ಗಂಡು ಭ್ರೂಣದ ಬೆಳವಣಿಗೆಗೆ ತೊಂದರೆಯಾಗಬಹುದು. ನೀವು ಗುಳಿಗೆ ತೆಗೆದುಕೊಳ್ಳುವಾಗ ಹೆಂಡತಿ ಗರ್ಭಿಣಿಯಾದರೆ ವೀರ್ಯದ ಮೂಲಕ ಹೋಗುವ ಅಂಶ ಬಹಳ ಅತ್ಯಲ್ಪ, ಅದಕ್ಕೆ ಭಯ ಬೇಡ. ಆದರೂ ಮಗು ಬೇಕೆಂದು ತೀರ್ಮಾನಿಸಿದಾಗ ನಿಮ್ಮ ಡಾಕ್ಟರಿಗೆ ಹೇಳಿ. ಕೆಲವರಲ್ಲಿ ವೀರ್ಯಾಣುವಿನ ಎಣಿಕೆ ಇಳಿಯುತ್ತದೆ, ಗುಳಿಗೆ ನಿಲ್ಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಫ್ಯಾಕ್ಟರಿಯ ರಕ್ತದಾನ ಶಿಬಿರದಲ್ಲಿ ರಕ್ತ ಕೊಡಬೇಡಿ. ಗುಳಿಗೆ ಬಿಟ್ಟು ಕನಿಷ್ಠ ಒಂದು ತಿಂಗಳು ಕಳೆದಿರಬೇಕು.

ಅಡ್ಡಪರಿಣಾಮದ ಬಗ್ಗೆ ನೀವು ಕೇಳಿಲ್ಲ, ಹುಡುಗರು ಕೇಳಲು ನಾಚುತ್ತಾರೆ. ಪರೀಕ್ಷೆಗಳಲ್ಲಿ ಗುಳಿಗೆ ತೆಗೆದುಕೊಂಡ ನೂರರಲ್ಲಿ ಸುಮಾರು ನಾಲ್ಕು ಜನಕ್ಕೆ ಆಸಕ್ತಿ ಕಡಿಮೆಯಾಗುವುದು, ನಿಮಿರುವಿಕೆಯ ತೊಂದರೆ ಇಂಥವು ಕಾಣಿಸಿಕೊಂಡವು. ಖಾಲಿ ಗುಳಿಗೆ ನುಂಗಿದವರಲ್ಲೂ ಸುಮಾರು ಇಬ್ಬರಿಗೆ ಹಾಗಾಯಿತು. ಬಹುತೇಕರಿಗೆ ಬಿಟ್ಟಾಗ ಸರಿಹೋಗುತ್ತದೆ, ಬಿಟ್ಟ ಮೇಲೂ ಮುಂದುವರಿಯಿತು ಎಂದು ಹೇಳುವವರು ಕೆಲವರಿದ್ದಾರೆ, ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಮನಸ್ಸು ಕುಗ್ಗುವುದು, ಆತ್ಮಹತ್ಯೆಯ ಯೋಚನೆ ಬರುವುದು ಕೂಡ ಈ ಗುಳಿಗೆಯ ಅಡ್ಡಪರಿಣಾಮವೆಂದು ಯುರೋಪಿನ ಔಷಧ ನಿಯಂತ್ರಕರು 2025ರಲ್ಲಿ ಖಚಿತಪಡಿಸಿದರು. ಮೊದಲೇ ಮನಸ್ಸಿನ ಕಾಯಿಲೆ ಇದ್ದಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಗುಳಿಗೆ ಶುರುವಾದ ಮೇಲೆ ಕಾರಣವಿಲ್ಲದೆ ಮನಸ್ಸು ಭಾರವಾದರೆ ಅವತ್ತೇ ಗುಳಿಗೆ ನಿಲ್ಲಿಸಿ ಬಂದು ತೋರಿಸಿ. ಕೂದಲಿಗಿಂತ ನೀವು ಮುಖ್ಯ. ಕಸಿಗೆ ಮುಂಚೆ ಒಂದು ವರ್ಷ ಔಷಧಿ ತೆಗೆದುಕೊಳ್ಳಿ ಎನ್ನುವುದಕ್ಕೆ ಇದೂ ಒಂದು ಕಾರಣ. ಈ ಔಷಧಿ ನಿಮ್ಮ ಮೈಗೆ ಹೊಂದುತ್ತದೋ ಇಲ್ಲವೋ ಎಂಬುದು ಕಸಿಗೆ ಮುಂಚೆಯೇ ಗೊತ್ತಾಗಬೇಕು. ಹೊಂದದವರಿಗೆ ಕಸಿಯ ಯೋಜನೆಯೇ ಬೇರೆ: ಬೋಳು ಮುಂದುವರಿದೇ ಮುಂದುವರಿಯುತ್ತದೆ ಎಂದು ಲೆಕ್ಕಹಾಕಿ, ಹಣೆಯ ಗೆರೆಯನ್ನು ಎತ್ತರದಲ್ಲೇ ಇಟ್ಟು, ಕೈ ಬಿಗಿಹಿಡಿದು ನೆಡಬೇಕು.

ಕಸಿ ಆದಮೇಲೆ ಗುಳಿಗೆ ಬೇಡ ಎಂದವರ ಮಾತು ನಿಮ್ಮ ವಯಸ್ಸಿಗೆ ಅಪಾಯಕಾರಿ. ನೆಟ್ಟ ಕೂದಲಿಗೆ ಗುಳಿಗೆ ಬೇಕಿಲ್ಲ, ನಿಜ. ನೆಟ್ಟದ್ದರ ಸುತ್ತ ಮತ್ತು ಹಿಂದೆ ಇರುವ ನಿಮ್ಮದೇ ಕೂದಲಿಗೆ ಬೇಕು. ಗುಳಿಗೆ ಬಿಟ್ಟರೆ, ಅದರಿಂದ ಉಳಿದದ್ದು ಒಂದು ವರ್ಷದೊಳಗೆ ಹೋಗುತ್ತದೆ. ಕ್ಯಾಪ್ ತೆಗೆಯಲು ಹಿಂಜರಿದವರ ಕಥೆ ಮೇಲೆ ಹೇಳಿದೆನಲ್ಲ.

ಇನ್ನು ಹನ್ನೆರಡನೇ ತಿಂಗಳಿಗೆ ಏನನ್ನು ನೋಡಿ ತೀರ್ಮಾನಿಸಬೇಕು? ಕನ್ನಡಿಯನ್ನು ನಂಬಬೇಡಿ, ದಿನಾ ನೋಡುವ ಕಣ್ಣಿಗೆ ನಿಧಾನದ ಬದಲಾವಣೆ ತಿಳಿಯುವುದಿಲ್ಲ. ಹಣಿಗೆಯಲ್ಲಿ ಬಂದ ಕೂದಲನ್ನು ಎಣಿಸುವುದನ್ನೂ ಬಿಡಿ. ದಿನಕ್ಕೆ 50ರಿಂದ 100 ಉದುರುವುದು ಎಲ್ಲರಿಗೂ ಇದ್ದದ್ದೇ. ಪ್ರತಿ ತಿಂಗಳು ಒಂದನೇ ತಾರೀಖು ಫೋಟೋ ತೆಗೆಯಿರಿ. ಹಿಂದಿನ ರಾತ್ರಿ ತಲೆ ತೊಳೆದು ಒಣಗಿಸಿರಬೇಕು, ಎಣ್ಣೆ ಇರಬಾರದು. ಮನೆಯ ಅದೇ ಕಿಟಕಿ, ಬೆಳಗಿನ ಅದೇ ಹೊತ್ತು, ಅದೇ ದೂರ. ಎದುರಿನಿಂದ ಒಂದು, ಎರಡೂ ಮೂಲೆಯದು ಒಂದೊಂದು, ತಲೆ ಬಗ್ಗಿಸಿ ನೆತ್ತಿಯದು ಒಂದು. ನೆತ್ತಿಯದನ್ನು ತಮ್ಮನೋ ತಂಗಿಯೋ ತೆಗೆದುಕೊಡಲಿ. ಬಲ್ಬಿನ ಕೆಳಗೆ ತೆಗೆದರೆ ಎಲ್ಲ ತಲೆಯೂ ಬೋಳಾಗಿಯೇ ಕಾಣುತ್ತದೆ. ಆರು ತಿಂಗಳ ಅಂತರದ ಎರಡು ಫೋಟೋಗಳಲ್ಲಿ ವ್ಯತ್ಯಾಸ ಕಾಣದಂತಾದರೆ ಕೂದಲು ಒಂದು ಹಂತಕ್ಕೆ ಬಂದು ನಿಂತಿದೆ ಎಂದರ್ಥ. ಕಸಿಯ ಮಾತು ಆಡಬೇಕಾದದ್ದು ಆಗ. ಎರಡನೆಯ ಫೋಟೋದಲ್ಲಿ ಇನ್ನೂ ತುಂಬುತ್ತಿದ್ದರೆ ಮತ್ತೆ ಆರು ತಿಂಗಳು ಕಾಯಬೇಕು, ಅದು ಸಂತೋಷದ ಕಾಯುವಿಕೆ. ಔಷಧಿ ಸರಿಯಾಗಿ ತೆಗೆದುಕೊಂಡೂ ಇನ್ನೂ ಹೋಗುತ್ತಲೇ ಇದ್ದರೆ ಕಾರಣ ಹುಡುಕಬೇಕು: ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡ್. ಡೆಂಗಿ, ಟೈಫಾಯ್ಡ್ ಬಂದುಹೋದ ಎರಡು ಮೂರು ತಿಂಗಳಿಗೆ ಕೂದಲು ರಾಶಿ ರಾಶಿ ಉದುರುವುದುಂಟು. ಅದಕ್ಕೆ ಕಸಿ ಚಿಕಿತ್ಸೆಯೇ ಅಲ್ಲ, ತಾನಾಗಿ ಮರಳಿ ಬರುತ್ತದೆ.

ಎಲ್ಲರೂ ಹೀಗೆ ವರ್ಷ ಕಾಯಲೇಬೇಕೆಂದು ನಾನು ಹೇಳುತ್ತಿಲ್ಲ. ಸುಟ್ಟ ಗಾಯದ, ಅಪಘಾತದ ಕಲೆಯ ಮೇಲೆ ಕೂದಲು ಬೇಕಾದವರಿಗೆ ಕಲೆ ಹಣ್ಣಾದರೆ ಸಾಕು. ನಲವತ್ತು ದಾಟಿ, ಐದಾರು ವರ್ಷದಿಂದ ಬೋಳು ಇದ್ದಲ್ಲೇ ನಿಂತಿದ್ದರೆ ಅವರೂ ಬೇಗ ಮಾಡಿಸಬಹುದು. ಇನ್ನು ಕೆಲವರಿಗೆ ಎಷ್ಟು ಕಾದರೂ ಕಸಿ ಸಲ್ಲದು. ಹಿಂದಲೆಯ ಕೂದಲೇ ಸೊರಗಿದವರು, ನಾಣ್ಯದಗಲ ಹುಳ ತಿಂದಂತೆ ಉದುರುವವರು, ಚರ್ಮದಲ್ಲಿ ಉರಿ ಇದ್ದು ಕೂದಲ ಬುಡ ಕಲೆಗಟ್ಟುವ ಕಾಯಿಲೆಯವರು ಈ ಗುಂಪಿನವರು. ಡರ್ಮೋಸ್ಕೋಪ್ ಇಟ್ಟು ನೋಡದೆ ಇವನ್ನು ಗುರುತಿಸುವುದು ಕಷ್ಟ. 3500 ಎಂದವರು ನಿಮ್ಮ ಹಿಂದಲೆಯನ್ನು ನೋಡಿದ್ದಾರೆಯೇ?

ನೀರಿನ ವಿಷಯ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು, ಸೋಪು ನೊರೆ ಬರುವುದಿಲ್ಲ, ಕೂದಲು ಒರಟಾಗಿ ನಡುವೆ ಮುರಿಯುತ್ತದೆ. ಆದರೆ ಮೂಲೆ ಸರಿಯುವುದು, ಸುಳಿ ತೆಳ್ಳಗಾಗುವುದು ನೀರಿನಿಂದಲ್ಲ. ಹಾಗಿದ್ದರೆ ಅದೇ ನೀರು ಹಾಕಿಕೊಳ್ಳುವ ನಿಮ್ಮ ಅಕ್ಕತಂಗಿಯರಿಗೂ ಮೂಲೆ ಸರಿಯಬೇಕಿತ್ತು, ನಿಮ್ಮ ಹಿಂದಲೆಯೂ ಖಾಲಿಯಾಗಬೇಕಿತ್ತು. ಹೆಲ್ಮೆಟ್ಟಿನಿಂದಲೂ ಅಲ್ಲ, ಅದನ್ನು ದಯವಿಟ್ಟು ತೆಗೆಯಬೇಡಿ. ಬೆವರು, ಸಿಮೆಂಟ್ ಧೂಳು ಕೂತರೆ ತುರಿಕೆ, ಹೊಟ್ಟು ಆಗುತ್ತದೆ, ಕೆಲಸದಿಂದ ಬಂದ ದಿನ ತಲೆ ತೊಳೆದರೆ ಸಾಕು.

ಆದರೆ ಕಸಿ ಮಾಡಿಸುವ ಕಾಲ ಬಂದಾಗ ಹೆಲ್ಮೆಟ್ ಲೆಕ್ಕಕ್ಕೆ ಬರುತ್ತದೆ. ನೆಟ್ಟ ಬುಡ ಗಟ್ಟಿಯಾಗಿ ಹಿಡಿಯಲು ಹತ್ತು ದಿನ ಬೇಕು, ಬಿಗಿ ಹೆಲ್ಮೆಟ್ಟು ಹಾಕಲು ಎರಡು ಮೂರು ವಾರ ಕಾಯಬೇಕು. ನಿಮ್ಮ ಕೆಲಸದಲ್ಲಿ ಹೆಲ್ಮೆಟ್ ಇಲ್ಲದೆ ಒಳಗೇ ಬಿಡುವುದಿಲ್ಲ, ಆದ್ದರಿಂದ ಅಷ್ಟು ದಿನ ರಜೆ ಕೂಡಿಡಿ. ಬೇಸಿಗೆಯಲ್ಲಿ ಮಾಡಿಸಬೇಡಿ. ಮೇ ತಿಂಗಳಲ್ಲಿ ನಮ್ಮಲ್ಲಿ 42-43 ಡಿಗ್ರಿ ಬಿಸಿಲು, ಬೆವರಿಗೆ ಹೊಸ ಗಾಯ ಕೆರೆಯುತ್ತದೆ, ಕೆರೆದರೆ ಗ್ರಾಫ್ಟ್ ಕೈಗೇ ಬರುತ್ತದೆ. ನಿಮ್ಮ ಔಷಧಿಗೆ ವರ್ಷ ತುಂಬುವುದು ಮಳೆಗಾಲದಲ್ಲಿ. ಪರೀಕ್ಷೆ, ಮಾತುಕತೆ ಎಲ್ಲ ಮುಗಿಸಿ ಮುಂದಿನ ದೀಪಾವಳಿ ಕಳೆದ ಮೇಲೆ, ತಂಪು ಬಿದ್ದಾಗ ಮಾಡಿಸಲು ಸರಿಯಾದ ಕಾಲ.

ಎಲ್ಲಿ ಮಾಡಿಸುತ್ತೀರೋ ಅಲ್ಲಿ ಕೆಲವನ್ನು ನೇರವಾಗಿ ಕೇಳಿ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಇದನ್ನು ಮಾಡಬೇಕಾದವರು ತರಬೇತಿ ಪಡೆದ ಚರ್ಮವೈದ್ಯರು ಅಥವಾ ಪ್ಲಾಸ್ಟಿಕ್ ಸರ್ಜನ್. ಯೂಟ್ಯೂಬ್ ನೋಡಿ, ಕಾರ್ಯಾಗಾರದಲ್ಲಿ ಕೂತು ಕಲಿತದ್ದು ಸಾಲದು ಎಂದೂ ಅದರಲ್ಲಿದೆ. ತೂತು ಮಾಡುವವರು ಯಾರು, ಡಾಕ್ಟರೋ ಟೆಕ್ನಿಷಿಯನ್ನೋ? ಆ ದಿನ ಪೂರ್ತಿ ಡಾಕ್ಟರು ಕೋಣೆಯಲ್ಲಿರುತ್ತಾರೆಯೇ? ಅಡ್ರಿನಲಿನ್ ಬೆರೆಸಿದ ಲಿಗ್ನೊಕೇನ್ ಅರಿವಳಿಕೆಗೆ ಮಿತಿಯಿದೆ, ಕೆ.ಜಿ. ತೂಕಕ್ಕೆ 7 ಮಿ.ಗ್ರಾಂ. 60 ಕೆ.ಜಿ. ಇದ್ದವರಿಗೆ 420 ಮಿ.ಗ್ರಾಂ ದಾಟಬಾರದು, ಅಂದರೆ 2% ಔಷಧಿ 21 ಮಿ.ಲೀ. ಮಾತ್ರ. ಎಂಟು ಗಂಟೆ ಹಿಡಿಯುವ 3500 ಗ್ರಾಫ್ಟಿನ ದಿನ ಇದನ್ನು ಬರೆದಿಟ್ಟು ಲೆಕ್ಕ ನೋಡುವವರು ಅಲ್ಲಿದ್ದಾರೆಯೇ, ಆಮ್ಲಜನಕ ಮತ್ತು ತುರ್ತು ಔಷಧಿಗಳು ಇವೆಯೇ? ಕರ್ನಾಟಕದಲ್ಲಾದರೆ ಖಾಸಗಿ ದವಾಖಾನೆಗೆ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇರಬೇಕು, ಅದನ್ನು ಗೋಡೆಯ ಮೇಲೆ ಕಾಣುವಂತೆ ಹಾಕಿರಬೇಕು.

ಸದ್ಯಕ್ಕೆ ನೀವು ಮಾಡಬೇಕಾದದ್ದು ಇಷ್ಟು. ಬರುವ ಒಂದನೇ ತಾರೀಖಿನ ಫೋಟೋ ತೆಗೆದಿಡಿ. ಔಷಧಿಗೆ ಆರು ತಿಂಗಳು ತುಂಬಿದಾಗ ಗುಳಿಗೆ ಬರೆದುಕೊಟ್ಟ ಡಾಕ್ಟರ ಹತ್ತಿರವೇ ಹೋಗಿ ಹಿಂದಲೆಯನ್ನೂ ನೋಡಿ ಎಂದು ಹೇಳಿ. ಹೋಗುವಾಗ ಅಪ್ಪನ, ಮಾಮಾನ ಮೂವತ್ತರ ವಯಸ್ಸಿನ ಫೋಟೋ ಮನೆಯ ಆಲ್ಬಮ್ಮಿನಲ್ಲಿ ಸಿಕ್ಕರೆ ತೆಗೆದುಕೊಂಡು ಹೋಗಿ. ಅವರಿಗೆ ಯಾವ ವಯಸ್ಸಿಗೆ ಎಲ್ಲಿಯವರೆಗೆ ಹೋಗಿತ್ತು ಎಂಬುದು ಅದರಲ್ಲಿ ಕಾಣುತ್ತದೆ. ಅಪ್ಪನೇ ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಅವತ್ತು ತಲೆಗೆ ಎಣ್ಣೆ ಹಚ್ಚಬೇಡಿ.